ದಾಕ್ಷಿಣ್ಯವೋ, ಹಕ್ಕೋ? ಟೆಕ್ಸಸ್‌ನಲ್ಲಿ ಕೊಳ್ಳುಗರ ಹಣ ಮರಳಿಬಂದ ಬಗೆ



ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಿಗೆ ಹೊಸದಾಗಿ ಬರುವ ಕನ್ನಡ ಕುಟುಂಬಗಳನ್ನು ಬೆರಗುಗೊಳಿಸುವ ಸಂಗತಿಗಳಲ್ಲಿ ಅಂಗಡಿಯ ‘ರಿಟರ್ನ್ಸ್’ ಕೌಂಟರೂ ಒಂದು. ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂಬ ಫಲಕವನ್ನು ನೋಡುತ್ತ ಬೆಳೆದ ನಮಗೆ, ಪ್ರಶ್ನೆ ಕೇಳದೆ ಹಣ ಹಿಂದಿರುಗಿಸುವ ವ್ಯಾಪಾರಿ ಅಪರೂಪದವನಾಗಿ ಕಾಣುತ್ತಾನೆ. ಈ ಬೆರಗಿನಿಂದ ಎರಡು ತಪ್ಪು ತಿಳಿವಳಿಕೆಗಳು ಹುಟ್ಟಿಕೊಂಡಿವೆ. ಹೀಗೆ ಹಣ ಕೊಡುವುದು ಇಲ್ಲಿಯ ಕಾನೂನು ಎಂಬುದು ಮೊದಲನೆಯದು. ಅಂಗಡಿಯು ಹೇಳಿದ ಮೂವತ್ತು ದಿನಗಳು ಕಳೆದ ಮೇಲೆ ಕೆಟ್ಟುಹೋದ ವಸ್ತುವಿಗೆ ಯಾವ ಪರಿಹಾರವೂ ಇಲ್ಲ ಎಂಬುದು ಎರಡನೆಯದು. ಇವೆರಡೂ ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ಈ ರಾಜ್ಯದ ಇತಿಹಾಸವನ್ನು ಸ್ವಲ್ಪ ನೋಡಬೇಕು.

ವ್ಯಾಪಾರಿಯ ಔದಾರ್ಯ

1907ರಲ್ಲಿ ಡಲ್ಲಾಸ್ ನಗರದಲ್ಲಿ ಹರ್ಬರ್ಟ್ ಮಾರ್ಕಸ್, ಅವರ ಸೋದರಿ ಕ್ಯಾರಿ ಮತ್ತು ಆಕೆಯ ಪತಿ ಎ.ಎಲ್. ನೀಮನ್ ಸೇರಿ ನೀಮನ್ ಮಾರ್ಕಸ್ ಮಳಿಗೆಯನ್ನು ತೆರೆದರು. ಹರ್ಬರ್ಟ್ ಅವರ ಮಗ ಸ್ಟ್ಯಾನ್ಲಿ ಮಾರ್ಕಸ್ ತಮ್ಮ ಆತ್ಮಕಥೆ ‘ಮೈಂಡಿಂಗ್ ದಿ ಸ್ಟೋರ್’ನಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಒಬ್ಬ ಮಹಿಳೆ 175 ಡಾಲರಿನ ಕಸೂತಿಯ ಉಡುಪನ್ನು ಕೊಂಡು, ಒಮ್ಮೆ ಉಟ್ಟು ಹಾಳುಮಾಡಿ, ಹಿಂದಕ್ಕೆ ತಂದಳು. ತಪ್ಪು ಆಕೆಯದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಹಣ ಕೊಡು, ನಗುಮುಖದಿಂದಲೇ ಕೊಡು ಎಂದು ತಂದೆ ಮಗನಿಗೆ ಹೇಳಿದರು. ಮುಂದಿನ ವರ್ಷಗಳಲ್ಲಿ ಆಕೆ ಅದೇ ಮಳಿಗೆಯಲ್ಲಿ ಐದು ಲಕ್ಷ ಡಾಲರಿಗೂ ಹೆಚ್ಚು ವ್ಯಾಪಾರ ಮಾಡಿದಳಂತೆ.

ಅಮೆರಿಕದ ರಿಟರ್ನ್ಸ್ ಕೌಂಟರಿನ ಹಿಂದಿರುವ ಲೆಕ್ಕಾಚಾರ ಇದೇ. ಅದು ವ್ಯಾಪಾರಿಯ ಜಾಣತನ ಮತ್ತು ದಾಕ್ಷಿಣ್ಯ, ಕೊಳ್ಳುಗನ ಹಕ್ಕಲ್ಲ. ದೋಷವಿಲ್ಲದ ವಸ್ತುವನ್ನು, ಕೇವಲ ಮನಸ್ಸು ಬದಲಾಯಿತೆಂಬ ಕಾರಣಕ್ಕೆ, ಅಂಗಡಿಯು ಹಿಂದಕ್ಕೆ ಪಡೆಯಲೇಬೇಕೆಂದು ಟೆಕ್ಸಸ್ ಕಾನೂನು ಸಾಮಾನ್ಯವಾಗಿ ಹೇಳುವುದಿಲ್ಲ. ಮನೆ ಬಾಗಿಲಿಗೆ ಬಂದು ಮಾಡುವ ಮಾರಾಟದಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ಮೂರು ದಿನಗಳೊಳಗೆ ಒಪ್ಪಂದವನ್ನು ರದ್ದುಪಡಿಸಬಹುದು.

ಈ ಮೂರು ದಿನಗಳ ಕಲ್ಪನೆ ನಮಗೆ ಹೊಸದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಮಾಡಿದ ಕ್ರಯವನ್ನು ಹಿಂತೆಗೆದುಕೊಳ್ಳುವ ಅವಧಿಯನ್ನು ಹೇಳಿದೆ: ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ. ಸರಕಿನಲ್ಲಿ ದೋಷವಿದ್ದರೆ ಮಾತು ಬೇರೆ ಎಂಬ ವಿವೇಚನೆಯೂ ಅದೇ ಅಧ್ಯಾಯದಲ್ಲಿದೆ. ಮನಸ್ಸಿನ ಬದಲಾವಣೆ ಬೇರೆ, ವಸ್ತುವಿನ ದೋಷ ಬೇರೆ ಎಂಬ ಈ ಭೇದವೇ ಟೆಕ್ಸಸ್ ಇತಿಹಾಸಕ್ಕೂ ಕೀಲಿಕೈ.

ಒಂದು ಮಗುವಿನ ಸಾವು

ಸ್ಪೇನ್ ಮತ್ತು ಮೆಕ್ಸಿಕೋ ಆಳ್ವಿಕೆಯ ಕಾಲದಲ್ಲಿ ಟೆಕ್ಸಸ್‌ನಲ್ಲಿದ್ದ ಕಾನೂನಿನ ಮೂಲ ರೋಮನ್ ಪರಂಪರೆ. ಗುಪ್ತದೋಷಕ್ಕೆ ಮಾರಿದವನೇ ಹೊಣೆ ಎಂಬ ತತ್ವ ಅದರಲ್ಲಿತ್ತು. 1840ರಲ್ಲಿ ಟೆಕ್ಸಸ್ ಗಣರಾಜ್ಯವು ಬಹುಪಾಲು ವಿಷಯಗಳಲ್ಲಿ ಇಂಗ್ಲಿಷ್ ಸಾಮಾನ್ಯ ಕಾನೂನನ್ನು ಅಂಗೀಕರಿಸಿತು. ಅದರೊಂದಿಗೆ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಸೂತ್ರವೂ ಬಂದಿತು. ಕುದುರೆಯ ಹಲ್ಲನ್ನು ಎಣಿಸಿ, ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ಕೊಳ್ಳುತ್ತಿದ್ದ ಕಾಲಕ್ಕೆ ಅದು ಹೊಂದುತ್ತಿತ್ತೇನೋ. ಆದರೆ ಕಾರ್ಖಾನೆಯಲ್ಲಿ ತಯಾರಾಗಿ, ಹೊದಿಕೆಯೊಳಗೆ ಬರುವ ವಸ್ತುವನ್ನು ಕೊಳ್ಳುವವನು ಪರೀಕ್ಷಿಸುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಟೆಕ್ಸಸ್ ಸರ್ವೋಚ್ಚ ನ್ಯಾಯಾಲಯದ ಮುಂದೆ ತಂದದ್ದು ಒಂದು ದುರಂತ. ಜೇಕಬ್ ಇ. ಡೆಕರ್ ಅಂಡ್ ಸನ್ಸ್ ಎಂಬ ಕಂಪನಿ ತಯಾರಿಸಿದ ಸಾಸೇಜನ್ನು ಒಂದು ಕುಟುಂಬ ಸ್ಥಳೀಯ ಅಂಗಡಿಯಿಂದ ಕೊಂಡು ತಿಂದಿತು. ಒಂದು ಮಗು ಸತ್ತಿತು. ಉಳಿದವರು ತೀವ್ರವಾಗಿ ಅಸ್ವಸ್ಥರಾದರು. ಸಾಸೇಜು ತಯಾರಾದಾಗಲೇ ವಿಷಮಯವಾಗಿತ್ತು ಎಂದು ಜ್ಯೂರಿ ತೀರ್ಮಾನಿಸಿತು. ಆದರೆ ಕಂಪನಿಯ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲ ಎಂದೂ ಹೇಳಿತು. ಕಂಪನಿಯೊಡನೆ ಕುಟುಂಬಕ್ಕೆ ನೇರ ಒಪ್ಪಂದವೂ ಇರಲಿಲ್ಲ. ಹಳೆಯ ಸೂತ್ರದಂತೆ ಅವರಿಗೆ ಏನೂ ದೊರೆಯಬಾರದಿತ್ತು. 1942ರಲ್ಲಿ ನ್ಯಾಯಾಲಯವು ಬೇರೆ ತೀರ್ಪು ನೀಡಿತು: ಆಹಾರವನ್ನು ತಯಾರಿಸಿ ಮಾರುವವನು ಅದು ತಿನ್ನಲು ಯೋಗ್ಯವೆಂಬ ಖಾತರಿಯನ್ನು, ಬಾಯಿಬಿಟ್ಟು ಹೇಳದಿದ್ದರೂ, ಕೊಟ್ಟಂತೆಯೇ, ಸಾರ್ವಜನಿಕ ಹಿತಕ್ಕಾಗಿ ಕಾನೂನೇ ಆ ಹೊಣೆಯನ್ನು ಅವನ ಮೇಲೆ ಹೊರಿಸುತ್ತದೆ.

ವೈದ್ಯವೃತ್ತಿಯಲ್ಲಿರುವ ನಮಗೆ ಈ ತೀರ್ಪು ಬಹಳ ದೊಡ್ಡದಾಗಿ ತೋರುತ್ತದೆ. ಕಲುಷಿತ ಆಹಾರದ ಅಪಾಯವು ಬಣ್ಣ, ವಾಸನೆ, ರುಚಿಗಳಲ್ಲಿ ಸದಾ ಕಾಣಿಸುವುದಿಲ್ಲ. ಕಾಣದ ದೋಷವನ್ನು ತಾಯಿಯೊಬ್ಬಳು ಅಡುಗೆಮನೆಯಲ್ಲಿ ಪತ್ತೆಮಾಡಬೇಕಿತ್ತು ಎನ್ನುವುದು ನ್ಯಾಯವಲ್ಲ. ತಡೆಯಬಲ್ಲವನು ತಯಾರಕನೊಬ್ಬನೇ.

ನಂತರದ ಹೆಜ್ಜೆಗಳು ಬೇಗ ಬಂದವು. 1966ರ ಜುಲೈ 1ರಂದು ಟೆಕ್ಸಸ್‌ನಲ್ಲಿ ಜಾರಿಗೆ ಬಂದ ಏಕರೂಪ ವಾಣಿಜ್ಯ ಸಂಹಿತೆಯು, ವರ್ತಕನು ಮಾರುವ ಪ್ರತಿಯೊಂದು ವಸ್ತುವೂ ಅದರ ಸಾಮಾನ್ಯ ಬಳಕೆಗೆ ಯೋಗ್ಯವಾಗಿರಬೇಕು ಎಂಬ ಸೂಚ್ಯ ಖಾತರಿಯನ್ನು ಸ್ಥಾಪಿಸಿತು. 1968ರಲ್ಲಿ ಇನ್ನೊಂದು ಪ್ರಕರಣ ಬಂದಿತು. ವಿಧವೆಯೊಬ್ಬರು ಹೊಸ ಮನೆ ಕೊಂಡು, ಅಗ್ಗಿಷ್ಟಿಕೆಯಲ್ಲಿ ಮೊದಲ ಬಾರಿ ಬೆಂಕಿ ಹೊತ್ತಿಸಿದಾಗಲೇ ಮನೆಗೆ ಬೆಂಕಿ ತಗುಲಿತ್ತು. ಹಳೆಯ ಸೂತ್ರವು ಹೊಸ ಮನೆಗಳ ಮಾರಾಟಕ್ಕೆ ಹೊಂದದು, ಕಟ್ಟಿ ಮಾರಿದವನೇ ಹೊಣೆ ಎಂದು ಅದೇ ನ್ಯಾಯಾಲಯ ಹೇಳಿತು.

ಒಂದು ಹಗರಣದ ಫಲ

ತತ್ವ ಗೆದ್ದರೂ ಜನಸಾಮಾನ್ಯರಿಗೆ ಅದು ಕೈಗೆಟುಕಲಿಲ್ಲ. ಇನ್ನೂರು ಡಾಲರಿನ ಕೆಟ್ಟ ಯಂತ್ರಕ್ಕಾಗಿ ವಕೀಲರನ್ನು ಇಟ್ಟು ಹೋರಾಡುವವರು ಯಾರು? ಇದನ್ನು ಬದಲಿಸಿದ ಶಾಸನಕ್ಕೆ ದಾರಿ ತೆರೆದದ್ದು ಹ್ಯೂಸ್ಟನ್ನಿನ ಹಗರಣ. ನಮ್ಮಲ್ಲಿ ಅನೇಕರು ದಿನಸಿಗೂ ಸೀರೆಗೂ ಹೋಗುವ ಹಿಲ್‌ಕ್ರಾಫ್ಟ್‌ನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಬಳಿಯಲ್ಲೇ ಶಾರ್ಪ್ಸ್‌ಟೌನ್ ಬಡಾವಣೆ ಇದೆ. ಅದನ್ನು ನಿರ್ಮಿಸಿದ ಫ್ರಾಂಕ್ ಶಾರ್ಪ್ ಮತ್ತು ಅವರ ಬ್ಯಾಂಕಿನ ಷೇರು ವ್ಯವಹಾರದ ವಿರುದ್ಧ 1971ರ ಜನವರಿಯಲ್ಲಿ ಕೇಂದ್ರದ ಷೇರು ನಿಯಂತ್ರಣ ಆಯೋಗವು ಡಲ್ಲಾಸ್ ನಗರದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ರಾಜ್ಯದ ದೊಡ್ಡ ರಾಜಕಾರಣಿಗಳ ಹೆಸರುಗಳು ಹೊರಬಂದವು. ವಿಧಾನಸಭೆಯ ಸ್ಪೀಕರ್ ಗಸ್ ಮಟ್ಷರ್ ಶಿಕ್ಷೆಗೊಳಗಾದರು. 1972ರ ಚುನಾವಣೆಯಲ್ಲಿ ಹಲವು ಹಳಬರು ಸೋತು, ಸುಧಾರಣೆಯ ಮಾತಾಡಿದ ಹೊಸಬರು ಆಸ್ಟಿನ್ನಿಗೆ ಬಂದರು.

1973ರ ಮೇ 21ರಂದು ಜಾರಿಗೆ ಬಂದ ‘ವಂಚಕ ವ್ಯಾಪಾರ ಪದ್ಧತಿಗಳ ಕಾಯ್ದೆ’, ಅಂದರೆ ಎಲ್ಲರ ಬಾಯಲ್ಲಿರುವ ಡಿಟಿಪಿಎ, ಆ ಶಾಸನಸಭೆಯ ಕೊಡುಗೆ. ಗವರ್ನರ್ ಡಾಲ್ಫ್ ಬ್ರಿಸ್ಕೊ ಅವರ ಕಾಲದಲ್ಲಿ, ಅಟಾರ್ನಿ ಜನರಲ್ ಜಾನ್ ಹಿಲ್ ಅವರ ಒತ್ತಾಸೆಯಿಂದ ಬಂದ ಈ ಕಾಯ್ದೆಯಲ್ಲಿ, ಗೆದ್ದ ಗ್ರಾಹಕನಿಗೆ ನಷ್ಟದ ಮೂರು ಪಟ್ಟು ಪರಿಹಾರವೂ ವಕೀಲರ ಶುಲ್ಕವೂ ದೊರೆಯುತ್ತಿದ್ದವು. ಸಣ್ಣ ಮೊತ್ತಕ್ಕೂ ಹೋರಾಡುವುದು ಅರ್ಥಪೂರ್ಣವಾಯಿತು. 1983ರಲ್ಲಿ ಕೆಟ್ಟ ಹೊಸ ಕಾರುಗಳಿಗಾಗಿ ‘ಲೆಮನ್ ಲಾ’ ಬಂದಿತು. ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು ಇವೆರಡರ ನಂತರ, 1986ರಲ್ಲಿ.

ಹಕ್ಕುಗಳು ಒಮ್ಮೆ ಬಂದ ಮಾತ್ರಕ್ಕೆ ಹಾಗೆಯೇ ಉಳಿಯುವುದಿಲ್ಲ. 1979ರಲ್ಲಿಯೇ ಮೂರು ಪಟ್ಟಿನ ನಿಯಮವನ್ನು ಮೊಟಕುಗೊಳಿಸಲಾಯಿತು, 1995ರಲ್ಲಿ ಇನ್ನಷ್ಟು. ಇಂದು ವ್ಯಾಪಾರಿ ತಿಳಿದೂ ತಿಳಿದೂ ವಂಚಿಸಿದನೆಂದು ತೋರಿಸಿದರೆ ಮಾತ್ರ ಹೆಚ್ಚುವರಿ ಪರಿಹಾರದ ಮಾತು ಬರುತ್ತದೆ. ಅದೇ 1995ರಲ್ಲಿ, ಆಸ್ಟಿನ್ನಿನ ಕಚೇರಿ ಕಟ್ಟಡವೊಂದರಲ್ಲಿ ಆಸ್ಬೆಸ್ಟಾಸ್ ಇದ್ದ ಪ್ರಕರಣದಲ್ಲಿ, ‘ಇದ್ದಂತೆಯೇ ಕೊಳ್ಳುತ್ತೇನೆ’ ಎಂದು ಸಹಿ ಮಾಡಿದ ಕೊಳ್ಳುಗ ಸೋತನು. ‘ಆಸ್ ಈಸ್’ ಎಂಬ ಎರಡು ಪುಟ್ಟ ಪದಗಳಿಗೆ ಅಷ್ಟು ಬಲವುಂಟು.

ನಮಗೆ ಉಳಿದಿರುವುದು

ಈ ಇತಿಹಾಸದಿಂದ ನಮ್ಮ ಮನೆಗಳಿಗೆ ದೊರೆಯುವ ವಿಷಯಗಳನ್ನು ಹೀಗೆ ಸಂಗ್ರಹಿಸಬಹುದು:

• ಅಂಗಡಿಯ ರಿಟರ್ನ್ ಅವಧಿ ಮುಗಿದರೆ ದಾಕ್ಷಿಣ್ಯ ಮುಗಿಯಿತು. ದೋಷಯುಕ್ತ ವಸ್ತುವಿನ ಮೇಲಿನ ಹಕ್ಕು ಅಷ್ಟರಿಂದಲೇ ಮುಗಿಯದು. ಆದರೆ ದೋಷ ಕಂಡೊಡನೆ ಮಾರಿದವರಿಗೆ ಬರಹದಲ್ಲಿ ತಿಳಿಸಬೇಕು. ತಡಮಾಡಿದರೆ ಹಕ್ಕು ನಷ್ಟವಾಗಬಹುದು.

• ಲಿಖಿತ ವಾರಂಟಿ ಕೊಟ್ಟ ಕಂಪನಿಯು ಸೂಚ್ಯ ಖಾತರಿಯನ್ನು ಪೂರ್ತಿಯಾಗಿ ನಿರಾಕರಿಸುವಂತಿಲ್ಲ ಎಂದು 1975ರ ಮ್ಯಾಗ್ನಸನ್–ಮಾಸ್ ಕೇಂದ್ರ ಕಾಯ್ದೆ ಹೇಳುತ್ತದೆ.

• ಡಿಟಿಪಿಎ ಅಡಿಯಲ್ಲಿ ದಾವೆ ಹೂಡುವ ಮುನ್ನ ಸಾಮಾನ್ಯವಾಗಿ 60 ದಿನಗಳ ಲಿಖಿತ ನೋಟಿಸ್ ಕೊಡಬೇಕು. ದಾವೆಯ ಕಾಲಮಿತಿ ಸಾಮಾನ್ಯವಾಗಿ ಎರಡು ವರ್ಷ. 20,000 ಡಾಲರ್‌ವರೆಗಿನ ದಾವೆಗಳನ್ನು ಜಸ್ಟಿಸ್ ಕೋರ್ಟ್‌ನಲ್ಲಿ ವಕೀಲರಿಲ್ಲದೆಯೂ ನಡೆಸಬಹುದು.

• ಹೊಸ ಕಾರು 24 ತಿಂಗಳು ಅಥವಾ 24,000 ಮೈಲಿಗಳೊಳಗೆ ಒಂದೇ ದೋಷಕ್ಕೆ ನಾಲ್ಕು ಬಾರಿ ದುರಸ್ತಿಗೆ ಹೋಗಿಯೂ ಸರಿಯಾಗದಿದ್ದರೆ, ಟೆಕ್ಸಸ್ ಮೋಟಾರು ವಾಹನ ಇಲಾಖೆಗೆ ದೂರು ಕೊಡಬಹುದು. ಪ್ರಾಣಾಪಾಯದ ದೋಷಕ್ಕೆ ಎರಡು ಬಾರಿ ಸಾಕು. ದೂರಿಗೂ ಗಡುವು ಇರುವುದರಿಂದ ಪ್ರತಿ ದುರಸ್ತಿಯ ಚೀಟಿಯನ್ನು ಕಾಪಾಡಿಕೊಳ್ಳಿ.

ಒಂದು ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ. ಊರಿಗೆ ಹೋಗುವ ಮುನ್ನ ಕ್ಯಾಮೆರಾ ಕೊಂಡು, ಮದುವೆ ಮುಗಿಸಿ ಬಂದು ಹಿಂದಿರುಗಿಸುವುದನ್ನು ಚಾತುರ್ಯವೆಂದು ಬಣ್ಣಿಸುವ ಮಾತು ನಮ್ಮ ಕೂಟಗಳಲ್ಲಿ ಕೇಳಿಬರುತ್ತದೆ. ಅದು ಹಕ್ಕಲ್ಲ, ಪರರ ದಾಕ್ಷಿಣ್ಯದ ದುರುಪಯೋಗ. ಮಕ್ಕಳು ಇದನ್ನು ನೋಡಿ ಕಲಿಯುತ್ತಾರೆ. ಇನ್ನೊಂದು ಕಡೆ, ಮಗುವಿನ ಕಾರ್ ಸೀಟಿನ ಕೊಂಡಿ ಮುರಿದರೂ, ಹೊಸ ಹೀಟರ್ ಹೊಗೆಯಾಡಿದರೂ, ‘ಪರದೇಶದಲ್ಲಿ ಜಗಳವೇಕೆ’ ಎಂದು ಕಸಕ್ಕೆ ಹಾಕಿ ಸುಮ್ಮನಾಗುವವರೂ ನಮ್ಮಲ್ಲಿದ್ದಾರೆ. ಅವರು ದೂರು ಕೊಟ್ಟರೆ ಅದೇ ದೋಷವಿರುವ ಮತ್ತೊಂದು ವಸ್ತು ಮತ್ತೊಂದು ಮನೆಯನ್ನು ಸೇರುವುದು ತಪ್ಪೀತು. 1942ರ ಆ ಕುಟುಂಬ ಹೋರಾಡದೆ ಇದ್ದಿದ್ದರೆ ಟೆಕ್ಸಸ್‌ನಲ್ಲಿ ಆ ತೀರ್ಪು ಅಂದು ಬರುತ್ತಿರಲಿಲ್ಲ.

ಈ ಬರಹವು ಇತಿಹಾಸದ ಪರಿಚಯವೇ ಹೊರತು ಕಾನೂನು ಸಲಹೆಯಲ್ಲ. ನಿಮ್ಮ ಪ್ರಕರಣ ದೊಡ್ಡದಾಗಿದ್ದರೆ ವಕೀಲರನ್ನು ಕಾಣಿರಿ. ಚಿಕ್ಕದಾಗಿದ್ದರೆ ಮೊದಲು ರಸೀತಿಯನ್ನು ಹುಡುಕಿ, ಒಂದು ಪತ್ರ ಬರೆಯಿರಿ.