ಕೋಟಿನ ಜೇಬಿನಲ್ಲಿ ಉಳಿದ ಪತ್ರ

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಅಪ್ಪಳಿಸುವ ಆಟ. ಓಡುವವನಿಗೆ ಚಪ್ಪಾಳೆ, ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ‘ಲೈನ್‌ಮನ್’ಗೆ ಪೆಟ್ಟು. ಅಂಥ ಒಬ್ಬ ಲೈನ್‌ಮನ್ ಜ್ಯಾಕ್ ಟ್ರೈಸ್.

1902ರಲ್ಲಿ ಒಹಾಯೊ ರಾಜ್ಯದಲ್ಲಿ ಜನಿಸಿದ ಟ್ರೈಸ್ ಅಯೋವಾ ಸ್ಟೇಟ್ ಕಾಲೇಜಿನ ಮೊದಲ ಕಪ್ಪು ಜನಾಂಗದ ಕ್ರೀಡಾಪಟು. ದುಡಿಯುತ್ತಲೇ ಪಶುಸಂಗೋಪನೆ ಓದುತ್ತಿದ್ದ. ದಕ್ಷಿಣದ ರಾಜ್ಯಗಳ ಕಪ್ಪು ರೈತರಿಗೆ ನೆರವಾಗಬೇಕೆಂಬುದು ಆತನ ಹಂಬಲ.

1923ರ ಅಕ್ಟೋಬರ್ 6ರಂದು ಮಿನಿಯಾಪೊಲಿಸ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಿರುದ್ಧ ಪಂದ್ಯ. ಆರಂಭದಲ್ಲೇ ಟ್ರೈಸ್‌ನ ಕೊರಳೆಲುಬು ಮುರಿಯಿತು. ಆದರೂ ಮೈದಾನ ಬಿಡಲಿಲ್ಲ. ಮೂರನೇ ಅವಧಿಯಲ್ಲಿ ಎದುರಾಳಿಗಳನ್ನು ತಡೆಯಲು ನೆಲಕ್ಕುರುಳಿದಾಗ ಅವರ ತುಳಿತಕ್ಕೆ ಸಿಕ್ಕಿದ. ಪ್ರಯಾಣ ಮಾಡಬಹುದೆಂದು ಅಲ್ಲಿನ ವೈದ್ಯರು ಹೇಳಿದ್ದರಿಂದ ರೈಲಿನಲ್ಲಿ ಕಾಲೇಜಿರುವ ಏಮ್ಸ್‌ಗೆ ಮರಳಿದ. 8ರಂದು ಒಳಗಿನ ರಕ್ತಸ್ರಾವದಿಂದ ಕೊನೆಯುಸಿರೆಳೆದ. ವಯಸ್ಸು 21. ತುಳಿದದ್ದು ಬೇಕೆಂದೇ, ಆಟದ ಭರದಲ್ಲೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಅಂತ್ಯಕ್ರಿಯೆಗೆ ಮುನ್ನ ಆತನ ಕೋಟಿನ ಜೇಬಿನಲ್ಲಿ ಪತ್ರವೊಂದು ಸಿಕ್ಕಿತು. ಪಂದ್ಯದ ಹಿಂದಿನ ರಾತ್ರಿ ತನಗೆ ತಾನೇ ಬರೆದುಕೊಂಡದ್ದು. ತನ್ನ ಜನಾಂಗದ, ಮನೆತನದ ಹಾಗೂ ತನ್ನ ಮಾನ ಪಣಕ್ಕಿದೆ, ಇದ್ದ ಶಕ್ತಿಯನ್ನೆಲ್ಲ ಸುರಿದು ಆಡಬೇಕು ಎಂಬುದು ಅದರ ಸಾರ. ಒಬ್ಬ ಹುಡುಗನ ಹೆಗಲ ಮೇಲೆ ಇಡೀ ಸಮುದಾಯದ ಭಾರ!

ಅಂದು ಸುಮಾರು 4,000 ಜನ ವಿದಾಯ ಹೇಳಿದರು. ಬಳಿಕ ನೆನಪು ಮಾಸಿತು. 1970ರ ದಶಕದಲ್ಲಿ ವಿದ್ಯಾರ್ಥಿಗಳು ಹೊಸ ಕ್ರೀಡಾಂಗಣಕ್ಕೆ ಟ್ರೈಸ್ ಹೆಸರಿಡಬೇಕೆಂದು ಪಟ್ಟು ಹಿಡಿದರು. 1984ರಲ್ಲಿ ಒಳಗಿನ ಮೈದಾನಕ್ಕಷ್ಟೇ ಆ ಹೆಸರು ದಕ್ಕಿತು. ಇಡೀ ಕ್ರೀಡಾಂಗಣಕ್ಕೆ ಬಂದದ್ದು 1997ರಲ್ಲಿ. ಒಂದೇ ಪಂದ್ಯಕ್ಕೆ ಜೀವ ತೆತ್ತವನ ಹೆಸರು ಗೋಡೆಯೇರಲು 74 ವರ್ಷ ಬೇಕಾಯಿತು.