ಆವೃತ್ತಿ ನಿಯಂತ್ರಣ: ಆರಂಭಿಕ ಪ್ರೋಗ್ರಾಮಿಂಗ್ ಕಲಿಕೆಯಲ್ಲಿ

ಕಡತಗಳಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ದಾಖಲಿಸಿಟ್ಟು, ಬೇಕಾದಾಗ ಹಿಂದಿನ ಹಂತಕ್ಕೆ ಮರಳಲು ನೆರವಾಗುವ ತಂತ್ರಾಂಶವೇ ಆವೃತ್ತಿ ನಿಯಂತ್ರಣ ವ್ಯವಸ್ಥೆ. ದೊಡ್ಡ ತಂಡಗಳಿಗಾಗಿ ಬೆಳೆದ ಈ ಸಾಧನ ಈಗ ಹೊಸ ವಿದ್ಯಾರ್ಥಿಗಳ ಲ್ಯಾಬ್ ಅಸೈನ್‌ಮೆಂಟ್‌ಗಳಿಗೂ ಬಂದಿದೆ.

ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ 1972ರಲ್ಲಿ ಆರಂಭಿಸಿದ ಎಸ್‌ಸಿಸಿಎಸ್ ಈ ಬಗೆಯ ಮೊದಲ ವ್ಯವಸ್ಥೆಗಳಲ್ಲೊಂದು. ವಿದ್ಯಾರ್ಥಿಗಳೊಂದಿಗೆ ಆವೃತ್ತಿ ನಿಯಂತ್ರಣದ ನಂಟು ಬೆಳೆದದ್ದು ಆಮ್‌ಸ್ಟರ್‌ಡ್ಯಾಮ್‌ನ ವ್ರೈಯೆ ವಿಶ್ವವಿದ್ಯಾಲಯದಲ್ಲಿ. 1984–85ರಲ್ಲಿ ಅಲ್ಲಿನ ಡಿಕ್ ಗ್ರೂನ್ ಇಬ್ಬರು ವಿದ್ಯಾರ್ಥಿಗಳ ಜೊತೆ ಸಿ ಕಂಪೈಲರ್ ರೂಪಿಸುತ್ತಿದ್ದರು. ಒಬ್ಬ ವಿದ್ಯಾರ್ಥಿಯದು ಕಚೇರಿ ವೇಳೆಯ ಶಿಸ್ತು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗ್ರೂನ್ ಅವರಿಗೆ ಸಂಜೆ ಮಾತ್ರ ಬಿಡುವು. ಹೀಗೆ ಬೇರೆಬೇರೆ ವೇಳೆಯಲ್ಲಿ ದುಡಿಯುವ ಮೂವರೂ ಒಂದೇ ಕೋಡಿನ ಮೇಲೆ ಕೆಲಸ ಮಾಡಲೆಂದು ಹುಟ್ಟಿದ್ದು ಸಿವಿಎಸ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆ. ಇಂದು ತರಗತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್. ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೂರನೇ ಸೆಮಿಸ್ಟರ್‌ಗೆ ಗಿಟ್ ಕುರಿತೇ ಒಂದು ಲ್ಯಾಬ್ ವಿಷಯವಿದೆ.

ಗಿಟ್‌ನಲ್ಲಿ ಕಮಿಟ್ ಎಂದರೆ ಆ ಕ್ಷಣದಲ್ಲಿ ಯೋಜನೆ ಹೇಗಿತ್ತೆಂಬುದರ ದಾಖಲೆ. ಜೊತೆಗೆ ಬರೆದವರ ಹೆಸರು, ಸಮಯ, ಒಂದು ಟಿಪ್ಪಣಿ ಇರುತ್ತವೆ. ಪೂರ್ತಿ ಇತಿಹಾಸ ವಿದ್ಯಾರ್ಥಿಯ ಕಂಪ್ಯೂಟರಿನಲ್ಲೇ ಇರುವುದರಿಂದ ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲೂ ಕೆಲಸ ನಡೆಯುತ್ತದೆ. ಹೊಸಬರಿಗೆ ಇನಿಟ್, ಆಡ್, ಕಮಿಟ್, ಡಿಫ್, ಲಾಗ್ ಆದೇಶಗಳು ಸಾಕು. ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮತ್ತು ಮರ್ಜ್ (ಕವಲುಗಳ ಜೋಡಣೆ) ಪಾಠವನ್ನು ಮೊದಲ ವಾರದಲ್ಲೇ ತುರುಕುವುದು ತಪ್ಪು: ಫಾರ್ ಲೂಪ್ ಇನ್ನೂ ಕೈಗೆ ಹತ್ತದವರು ಮರ್ಜ್ ಸಂಘರ್ಷದ ಗುರುತುಗಳನ್ನು ಕಂಡು ಕಂಗೆಡುತ್ತಾರೆ. ಚೆಕ್‌ಔಟ್ ಎಂಬ ಒಂದೇ ಆದೇಶ ಬ್ರಾಂಚ್ ಬದಲಿಸಲೂ ತಿದ್ದುಪಡಿ ಅಳಿಸಲೂ ಬಳಕೆಯಾಗುತ್ತಿದ್ದುದು ಬಹುಕಾಲ ಗೊಂದಲಕ್ಕೆ ಕಾರಣವಾಗಿತ್ತು; 2019ರ 2.23ನೇ ಆವೃತ್ತಿಯಲ್ಲಿ ಸ್ವಿಚ್ ಮತ್ತು ರಿಸ್ಟೋರ್ ಎಂಬ ಪ್ರತ್ಯೇಕ ಆದೇಶಗಳು ಬಂದವು.

ಈ ವಿಧಾನದ ನಿಜವಾದ ಬೆಲೆ ಇರುವುದು ಕಲಿಕೆಯ ದಾರಿ ಕಾಣುವುದರಲ್ಲಿ. ಸರಿಯಾದ ಉತ್ತರವೊಂದನ್ನೇ ಒಪ್ಪಿಸಿದರೆ ವಿದ್ಯಾರ್ಥಿ ಎಲ್ಲಿ ತಡವರಿಸಿದನೆಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ. 'ಇನ್‌ಪುಟ್ ಓದುತ್ತದೆ', 'ಖಾಲಿ ಪಟ್ಟಿಗೂ ಸರಾಸರಿ ಬರುತ್ತದೆ' ಎಂಬಂಥ ಸಣ್ಣಸಣ್ಣ ಕಮಿಟ್‌ಗಳಿದ್ದರೆ ಅವನ ಯೋಚನೆಯ ಹೆಜ್ಜೆಗಳು, ಎರಡು ಹಂತಗಳ ವ್ಯತ್ಯಾಸ ತೋರಿಸುವ ಡಿಫ್‌ನಲ್ಲಿ ಸ್ಪಷ್ಟ. ಕೆಲಸ ಮಾಡುವ ಹಂತವೊಂದು ಹಿಂದೆ ಭದ್ರವಾಗಿದೆ ಎಂಬ ಧೈರ್ಯದಿಂದ ವಿದ್ಯಾರ್ಥಿಯೂ ಕೋಡನ್ನು ಕೆಡವಿ ಮತ್ತೆ ಕಟ್ಟಬಲ್ಲ. ಆದ್ದರಿಂದ ಅಂಕಗಳಲ್ಲಿ ಒಂದು ಪಾಲನ್ನು ಇತಿಹಾಸಕ್ಕೂ ಮೀಸಲಿಡುವುದು ನ್ಯಾಯ. ಆದರೆ ಕಮಿಟ್‌ಗಳ ಸಂಖ್ಯೆಗೆ ಅಂಕ ಕೊಟ್ಟರೆ ಅರ್ಥವಿಲ್ಲದ ಕಮಿಟ್‌ಗಳು ರಾಶಿ ಬೀಳುತ್ತವೆ.

ಇತಿಹಾಸವನ್ನು ನಕಲು ಪತ್ತೆಗೆ ಅಂತಿಮ ಸಾಕ್ಷಿಯೆಂದು ನಂಬಲಾಗದು: ಕಮಿಟ್‌ನ ಹೆಸರು, ದಿನಾಂಕ ಎರಡನ್ನೂ ಬಳಕೆದಾರರೇ ಬದಲಿಸಬಹುದು. ಸಾರ್ವಜನಿಕ ರೆಪಾಸಿಟರಿಯಲ್ಲಿ (ಕೋಡು ಮತ್ತು ಅದರ ಇತಿಹಾಸದ ಸಂಗ್ರಹದಲ್ಲಿ) ಇಟ್ಟ ಉತ್ತರ ಮುಂದಿನ ತಂಡದವರಿಗೆ ಸಿಗುತ್ತದೆ, ಹೀಗಾಗಿ ಖಾಸಗಿ ರೆಪಾಸಿಟರಿಯೇ ಮೇಲು. ರೆಪಾಸಿಟರಿಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್ 2019ರಿಂದ ಅದನ್ನು ಉಚಿತ ಖಾತೆಗಳಿಗೂ ಕೊಟ್ಟಿದೆ. ಇನ್ನೊಂದು ಮಿತಿಯೆಂದರೆ, ಎಲ್ಲ ಬಗೆಯ ಕಡತಕ್ಕೂ ಡಿಫ್ ಒಗ್ಗುವುದಿಲ್ಲ. ಮಕ್ಕಳ ಪ್ರೋಗ್ರಾಮಿಂಗ್ ಸಾಧನವಾದ ಸ್ಕ್ರ್ಯಾಚ್‌ನ ಯೋಜನೆ ಜಿಪ್ ಮಾಡಿದ ಕಡತವಾದ್ದರಿಂದ ಅದರೊಳಗಿನ ಬದಲಾವಣೆ ಸಾಲುಸಾಲಾಗಿ ಕಾಣದು. ಜುಪಿಟರ್ ನೋಟ್‌ಬುಕ್‌ನಲ್ಲಿ ಕೋಡಿನ ಜೊತೆ ಫಲಿತಾಂಶವೂ ಉಳಿಯುವುದರಿಂದ, ಕಮಿಟ್‌ಗೆ ಮೊದಲು ಅದನ್ನು ಅಳಿಸುವ ಅಭ್ಯಾಸ ಮಾಡಿಸಬೇಕು.