ಹಿಮವಿಲ್ಲದ ಬೆಟ್ಟದವರೂ ಹಿಮಕ್ರೀಡೆಯ ಚರಿತ್ರೆಯೂ

ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆ ನೀಲಗಿರಿಯ ತಗ್ಗಿನ ಹುಲ್ಲುಗಾವಲುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಹಾಸಿರುತ್ತದೆ, ಬಿಸಿಲೇರಿದೊಡನೆ ಕರಗಿಹೋಗುತ್ತದೆ. ಕೀಳ್ ಕೋತಗಿರಿಯ ನಮ್ಮ ತರಗತಿಯಲ್ಲಿ ಒಲಿಂಪಿಕ್ ಪಂದ್ಯಗಳ ವಿಷಯ ಬಂದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸಾರ್, ಇಷ್ಟೆತ್ತರದ ಬೆಟ್ಟದಲ್ಲಿದ್ದೂ ಹಿಮದ ಆಟಗಳು ನಮಗೇಕಿಲ್ಲ?” ಉಪಾಧ್ಯಾಯರಾದ ನಾವು ನಕ್ಕು ಸುಮ್ಮನಾಗತಕ್ಕ ಪ್ರಶ್ನೆ ಇದಲ್ಲ.

ಎತ್ತರವೊಂದೇ ಸಾಲದೆಂಬುದು ಮೊದಲನೆಯ ಉತ್ತರ. 1924ರಲ್ಲಿ ಚಳಿಗಾಲದ ಕ್ರೀಡಾಸಪ್ತಾಹ ನಡೆದ ಫ್ರಾನ್ಸಿನ ಶಾಮೋನಿ ಊರು ಸುಮಾರು 1,035 ಮೀಟರ್ ಎತ್ತರದಲ್ಲಿದೆ. ನಮ್ಮ ಉದಕಮಂಡಲ ಸುಮಾರು 2,240 ಮೀಟರ್. ಆದರೆ ಶಾಮೋನಿ ಇರುವುದು ಸುಮಾರು 46ನೆಯ ಉತ್ತರ ಅಕ್ಷಾಂಶದಲ್ಲಿ, ನಾವು 11ರ ಆಸುಪಾಸಿನಲ್ಲಿ. 16 ರಾಷ್ಟ್ರಗಳು ಸೇರಿದ್ದ ಆ ಸಪ್ತಾಹಕ್ಕೆ ಪ್ರಥಮ ಚಳಿಗಾಲದ ಒಲಿಂಪಿಕ್ಸ್ ಎಂಬ ಮನ್ನಣೆ ದೊರೆತದ್ದು 1926ರಲ್ಲಿ.

ಈ ಕ್ರೀಡೆಗಳು ವಿನೋದಕ್ಕಾಗಿಯೇ ಹುಟ್ಟಿದವಲ್ಲ. ‘ಸ್ಕೀ’ ಶಬ್ದದ ಮೂಲಾರ್ಥ ಸೀಳಿದ ಮರದ ತುಂಡು. ಹಿಮದಲ್ಲಿ ಹೂತುಹೋಗದೆ ನಡೆಯಲು ಉತ್ತರದೇಶದವರು ಅದನ್ನು ಕಾಲಿಗೆ ಕಟ್ಟಿಕೊಂಡರು. 1767ರಷ್ಟು ಹಿಂದೆಯೇ ನಾರ್ವೆಯ ಸೈನಿಕರಿಗೆ ಸ್ಕೀ ಸ್ಪರ್ಧೆಗಳು ಏರ್ಪಟ್ಟಿದ್ದವು. ಹೊಟ್ಟೆಪಾಡಿನ ನಡಿಗೆಯೇ ಕ್ರಮೇಣ ಪಂದ್ಯವಾಯಿತು.

ಹಿಮದ ನಾಡಿಗೂ ಹಿಮ ಕೈಕೊಡುವುದುಂಟು. 1964ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಹಿಮ ಸಾಲದೆ ಸೈನಿಕರು ಬೆಟ್ಟಗಳಿಂದ ಹಿಮವನ್ನು ಹೊತ್ತು ತಂದು ಓಟದ ಹಾದಿಗೆ ಹಾಸಬೇಕಾಯಿತು. ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತ ಮೊದಲು ಭಾಗವಹಿಸಿದ್ದೂ ಅಲ್ಲಿಯೇ. ಜೆರೆಮಿ ಬುಜಕೋವ್ಸ್ಕಿ ನಮ್ಮ ಏಕೈಕ ಸ್ಪರ್ಧಿ.

ಮುಂದೆ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಲೂಜ್ ಎಂಬ ಜಾರುಬಂಡಿಯ ಸ್ಪರ್ಧೆಗಿಳಿದ ಶಿವ ಕೇಶವನ್, ದೇಶದಲ್ಲಿ ತಕ್ಕ ಮಂಜಿನ ಹಾದಿಯಿಲ್ಲದೆ, ಬಂಡಿಗೆ ಗಾಲಿ ಜೋಡಿಸಿ ಹಿಮಾಲಯದ ರಸ್ತೆಗಳಲ್ಲಿ ಅಭ್ಯಾಸ ಮಾಡಿದರು. ಇನ್ನೂ ಸಮೀಪದ ನಿದರ್ಶನ ನೆರೆಯ ಕೊಡಗಿನದು. ಅಲ್ಲಿಯೂ ಮಳೆಯುಂಟು, ಮಂಜುಂಟು, ಹಿಮವಿಲ್ಲ. ಆದರೂ ಅಲ್ಲಿಯ ತೆಕ್ಕಡ ನಂಜುಂಡ ಭವಾನಿ 2024ರಲ್ಲಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು.

ಆದುದರಿಂದ ಆ ವಿದ್ಯಾರ್ಥಿನಿಗೆ ನಾನು ಭೂಪಟ ತೋರಿಸಿ ಅಕ್ಷಾಂಶದ ಪಾಠ ಹೇಳಿದೆ; ಅದರ ಬೆನ್ನಿಗೇ ಕೊಡಗನ್ನೂ ಗುಲ್ಮಾರ್ಗನ್ನೂ ತೋರಿಸಿದೆ. ಭೂಗೋಳ ಹೇಳುವ ‘ಇಲ್ಲ’ಕ್ಕೆ ಚರಿತ್ರೆ ಹೇಳುವ ‘ಆದರೂ’ ಎಂಬುದನ್ನು ಸೇರಿಸದಿದ್ದರೆ ನಮ್ಮ ಪಾಠ ಅರ್ಧದಲ್ಲೇ ನಿಲ್ಲುತ್ತದೆ.